ಫೈಂಡ್ ಔಟ್ ಅನ್ನೂದು ಎಲ್ಲೆ, ಯಾವಾಗ

ತಮ್ಮಾ, ಗದಗಿನಿಂದ ಇಂಗ್ಲೆಂಡಿನ ಲೀಡ್ಸಿಗೆ ಬಂದು ಇನ್ನೂ ವಾರ ಆಗಿಲ್ಲ, ಆಫೀಸಿನ್ಯಾಗ ಫೈಂಡ್, ಫೈಂಡ್ ಔಟ್, ಫಿಗರ್ ಔಟ್, ಡಿಸ್ಕವರ್ ಎಲ್ಲಾ ಕೇಳಿ ತಲಿ ಕೆಟ್ಟೈತಿ, ಯಾವುದನ್ನ ಯಾವಾಗ ಅನಬೇಕು ಅಂತ ಕೇಳೀದಿ, ಜೊತಿಗೆ ಬಾಡಗಿ ಮನಿ, ಥಂಡಿ ಬಗ್ಗೆನೂ. ಥಂಡಿಗೆ ಒಂದು ಛಲೋ ಕೋಟ್ ತಗೋ, ಅಷ್ಟ.

ಕಳದಿದ್ದ ಕೀಲಿ ಸಿಕ್ರ ಫೈಂಡ್. ಯಾರನ್ನರ ಕೇಳಿ, ವಿಚಾರಿಸಿ ತಿಳ್ಕೊಂಡ್ರ ಫೈಂಡ್ ಔಟ್. ತಲಿ ಓಡಿಸಿ ಬಗಿಹರಿಸಿದ್ರ ಫಿಗರ್ ಔಟ್, ಇಲ್ಲಿ ಮಂದಿ ಅದಕ್ಕ ವರ್ಕ್ ಔಟ್ ಅಂತನೂ ಭಾಳ ಅಂತಾರ. ರೈಲಿನ ಟೈಮು, ಶಬ್ದದ ಅರ್ಥ ತೆಗದು ನೋಡೂದು ಲುಕ್ ಅಪ್. ಡಿಸ್ಕವರ್ ದೊಡ್ಡ ಮಾತು, 1928 ರಾಗ ಫ್ಲೆಮಿಂಗ್ ಅವರು ಲಂಡನ್ನಿನ್ಯಾಗ ಪೆನಿಸಿಲಿನ್ ಡಿಸ್ಕವರ್ ಮಾಡಿದ್ರಲ್ಲ, ಅಂಥಾದ್ದಕ್ಕ. ಮತ್ತ ನಮ್ಮ ಕಡೆ ಎಲ್ಲಾದಕ್ಕೂ ಐ ಕೇಮ್ ಟು ನೋ ಅಂತೀವಲ್ಲ, ತಿಳೀತೈತಿ ಇವರಿಗೆ, ಆದ್ರ ಕಿವಿಗೆ ಹೊಸದು, ಐ ಹರ್ಡ್ ಅನ್ನು ಸಾಕು.

ಫೈಂಡ್ ಔಟ್ ಒಂದರ ಬಗ್ಗೆ ಹುಷಾರ್. ಮೀಟಿಂಗ್ ದಿನ ಬದಲಾಗಿದ್ರ ಮ್ಯಾನೇಜರಿಗೆ ಐ ಫೌಂಡ್ ಔಟ್ ಅಂತ ಬರದ್ರ, ನನಗ್ಯಾಕ ಹೇಳಲಿಲ್ಲ ಅಂತ ಜಗಳಕ್ಕ ಬಂದಂಗ ಅನಸಬಹುದು, ಐ ಸೀ ಅಂತ ಶುರು ಮಾಡು. ಯಾರೂ ಹೇಳಲಿಲ್ಲ, ನಾನ ತಿಳ್ಕೊಂಡೆ ಅನ್ನೂದು ಆ ಮಾತಿನ್ಯಾಗ ಎಷ್ಟೋ ಸಲ ಇರ್ತೈತಿ. ನಾ ಇಲ್ಲಿಗೆ ಬಂದ ಮೊದಲ್ನೇ ಚಳಿಗಾಲದಾಗ ಹುಬ್ಬಳ್ಳ್ಯಾಗ ಅಪ್ಪಗ ಹಾರ್ಟ್ ಆಪರೇಷನ್ ಆತು, ಮನ್ಯಾಗ ಯಾರೂ ಬಾಯಿ ಬಿಡಲಿಲ್ಲ, ಅವ್ವ ಫೋನಿನ್ಯಾಗ ದಿನಾ ಆರಾಮ್ ಅದೀವಿ, ನಿಂದು ಊಟ ಆತೇನು ಅಂತನ ಮಾತಾಡಿದ್ಲು. ಯಾಕ ಹಂಗ ಮಾಡಿದ್ರು ಅಂತ ನಿನಗ ಬಿಡಿಸಿ ಹೇಳೂದು ಬ್ಯಾಡ. ಉಗಾದಿಗೆ ಧಾರವಾಡಕ್ಕ ಹೋದಾಗ ಅಪ್ಪನ ಎದಿ ಮ್ಯಾಲ ಹೊಲಿಗಿ ಹಾಕಿದ ಗುರ್ತು ಕಂಡು ಗೊತ್ತಾತು. ತಿರುಗಿ ಬಂದು ಆಫೀಸಿನ್ಯಾಗ ಐ ಫೌಂಡ್ ಔಟ್ ಅಂದಕೂಡ್ಲೆ ಬಾಜೂಕಿನಾಕಿ, ನಿಮ್ಮ ಮನಿಯವರ ನಿಮಗ ಹೇಳಲಿಲ್ಲೇನು ಅಂತ ಕೇಳಿದ್ಲು, ನಮ್ಮ ಮಂದಿ ಪ್ರೀತಿಲೆ ಮುಚ್ಚಿಡ್ತಾರ ಅನ್ನೂದನ್ನ ಆಕಿಗೆ ಹೆಂಗ ತಿಳಿಸೂದು? ಅಪ್ಪನ ಮಂಚದ ಬಾಜೂಕ ನಾ ಇರಬೇಕಿತ್ತು ಅನ್ನೂದು ಇವತ್ತಿಗೂ ಎದ್ಯಾಗ ಚುಚ್ಚತೈತಿ. ಅದಕ್ಕ ನೀ ಈಗ್ಲೇ ಮನ್ಯಾಗ ಹೇಳಿಡು, ಏನಾದ್ರೂ ಅವತ್ತಿಂದವತ್ತ ಹೇಳ್ರಿ ಅಂತ, ನಿಮ್ಮ ಅಕ್ಕಗ ಬ್ಯಾರೆ ಹೇಳು, ಅವ್ವ ಅಂತೂ ಬಾಯಿ ಬಿಡಂಗಿಲ್ಲ.

ಹಾಂ, ಬಾಡಗಿ ಮನಿ. ಡಿಪಾಸಿಟ್ 5 ವಾರದ ಬಾಡಗಿಗಿಂತ ಹೆಚ್ಚು ಕೇಳಿದ್ರ ಕೊಡಬ್ಯಾಡ, 2019 ರ ಕಾಯ್ದೆ ಐತಿ. ಮಾಲಕರು ಅದನ್ನ 30 ದಿನದಾಗ ಸರ್ಕಾರ ಒಪ್ಪಿದ ಸ್ಕೀಮಿನ್ಯಾಗ ಇಡಬೇಕು, ಯಾವ ಸ್ಕೀಮ್ ಅಂತ ಬಾಯಿ ಬಿಟ್ಟು ಕೇಳು.