ಟರ್ನರ್‌ನ ನದಿ ಚಿತ್ರಕ್ಕೆ ‘ಸುಮಾರು 1839’ ಅಂತ ಹೇಗೆ ಹೇಳ್ತಾರೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ (1775–1851) ನೀಲಿ ಕಾಗದದ ಮೇಲೆ ಬಿಡಿಸಿದ ಮೋಸೆಲ್ ನದಿಯ ಚಿತ್ರದಲ್ಲಿ ತಾರೀಖು ಇಲ್ಲ, ಹಾಗಿದ್ದೂ ಮ್ಯೂಸಿಯಂನವರು ‘ಸುಮಾರು 1839’ ಅಂತ ಹಾಕಿರುವುದು ಹೇಗೆ? ಆಕಾಶ ಕೆಂಪಗಿದೆಯಲ್ಲ, ಅವನು ಸಂಜೆ ಹೊತ್ತು ಅಲ್ಲೇ ಕೂತು ಬಿಡಿಸಿದ್ದನಾ?

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಆ ಕೆಂಪನ್ನು ಸಾಕ್ಷಿ ಅಂತ ನಂಬಬೇಡಿ. ಊರೂರು ಸುತ್ತುವಾಗ ಟರ್ನರ್ ಹೆಚ್ಚಾಗಿ ಸಣ್ಣ ಪುಸ್ತಕದಲ್ಲಿ ಪೆನ್ಸಿಲ್ ಗೆರೆ ಎಳೆದುಕೊಳ್ಳುತ್ತಿದ್ದ. ಬಣ್ಣ ಆಮೇಲೆ. 1817ರ ರೈನ್ ಪ್ರವಾಸದ ಐವತ್ತರಷ್ಟು ಬಣ್ಣದ ಚಿತ್ರಗಳನ್ನು ವಾಲ್ಟರ್ ಫಾಕ್ಸ್ ಎಂಬ ಶ್ರೀಮಂತ ಕೊಂಡ. ಅವೆಲ್ಲ ಸ್ಥಳದಲ್ಲೇ ಆದವು ಅನ್ನೋ ಕಥೆ ಬಹಳ ಕಾಲ ಓಡಿತ್ತು. ಆದರೆ ಅವುಗಳಿಗೆ ಆಧಾರವಾದ ಪೆನ್ಸಿಲ್ ಸ್ಕೆಚ್‌ಗಳು ಅವನ ಪುಸ್ತಕಗಳಲ್ಲಿವೆ. ಒಂದೇ ಊರಿಗೆ ಒಂದು ಹಾಳೆಯಲ್ಲಿ ಸಂಜೆ, ಇನ್ನೊಂದರಲ್ಲಿ ಬೆಳದಿಂಗಳು ಹಚ್ಚಬಲ್ಲ ಮನುಷ್ಯ ಅವನು. ಆ ಕೆಂಪು ಗಡಿಯಾರದ್ದಲ್ಲ, ಅವನ ಮನಸ್ಸಿನದು.

ಈಗ ಕಾಲದ ವಿಷಯ. ನಮ್ಮೂರಿನ ಹಳೇ ಫೋಟೋ ಸಿಕ್ಕರೆ ಏನು ಮಾಡ್ತೀವಿ? ಕರೆಂಟ್ ಕಂಬ ಇದೆಯಾ, ದೇವಸ್ಥಾನದ ಮುಂದೆ ಆ ಶೀಟಿನ ಚಪ್ಪರ ಬಂದಿತ್ತಾ ಅಂತ ನೋಡ್ತೀವಿ, ಅಲ್ವಾ? ಇಲ್ಲೂ ಅದೇ ಕೆಲಸ. ನಾನು ಪಂಡಿತನಲ್ಲ. ಕೆಲಸದ ಮೇಲೆ ಜರ್ಮನಿಯ ಕೊಬ್ಲೆಂಜ್‌ನಲ್ಲಿ ನಾಲ್ಕು ವರ್ಷ ಇದ್ದೆ. ಮೋಸೆಲ್ ಬಂದು ರೈನ್ ಸೇರುವ ಊರು ಅದು. ಎದುರು ದಡದ ಬೆಟ್ಟದ ಮೇಲೆ ಎರೆನ್‌ಬ್ರೈಟ್‌ಸ್ಟೈನ್ ಕೋಟೆ. ಅದನ್ನು ಫ್ರೆಂಚರು 1801ರಲ್ಲಿ ಸಿಡಿಮದ್ದಿಟ್ಟು ಒಡೆದರು. 1817ರಿಂದ 1828ರವರೆಗೆ ಪ್ರಷ್ಯದವರು ಮತ್ತೆ ಕಟ್ಟಿದರು. ಹಾಗಾಗಿ ಚಿತ್ರದಲ್ಲಿ ಪಾಳು ಗೋಡೆಯಾ, ಹೊಸ ಕೋಟೆಯಾ ನೋಡಿದರೆ ಅರ್ಧ ಕೆಲಸ ಆಯಿತು. ಕೆಳಗೆ ರೈನ್ ಮೇಲೆ ಸಾಲಾಗಿ ದೋಣಿ ನಿಲ್ಲಿಸಿ ಹಲಗೆ ಹಾಸಿದ ಸೇತುವೆ 1819ರದು. ರೈನ್‌ನಲ್ಲಿ ಸ್ಟೀಮರ್‌ಗಳು ದಿನವೂ ಓಡಾಡತೊಡಗಿದ್ದು 1827ರ ಸುಮಾರಿಗೆ. ರೈನ್ ದಡದ ಇನ್ನೊಂದು ಊರು ಕಲೋನ್‌ನ ಚಿತ್ರವಾದರೆ ಇನ್ನೂ ಸುಲಭ. ಕ್ಯಾಥೆಡ್ರಲ್‌ನ ಅರ್ಧ ಕಟ್ಟಿದ ಗೋಪುರದ ಮೇಲೆ ಮರದ ಕ್ರೇನ್ ಒಂದು ನೂರಾರು ವರ್ಷ ಸುಮ್ನೆ ನಿಂತಿತ್ತು, 1868ರವರೆಗೆ. ಎರಡೂ ಗೋಪುರ ಪೂರ್ತಿ ಕಂಡರೆ ಚಿತ್ರ 1880ರ ಸುಮಾರಿನದು ಅಥವಾ ಆಮೇಲಿನದು.

ಒಂದು ಎಚ್ಚರಿಕೆ. ಇದೆಲ್ಲ ‘ಇದಕ್ಕಿಂತ ಮೊದಲಲ್ಲ’ ಅನ್ನುತ್ತದೆ, ಅಷ್ಟೇ. ಕೋಟೆ ಪಾಳು ಬಿದ್ದಿದೆ ಅಂದಮಾತ್ರಕ್ಕೆ ಚಿತ್ರ ಹಳೆಯದಾಗಬೇಕಿಲ್ಲ. ಇಪ್ಪತ್ತು ವರ್ಷದ ಹಳೇ ಸ್ಕೆಚ್ ತೆಗೆದು ಅವನು ಈಗ ಬಣ್ಣ ಹಚ್ಚಿರಬಹುದು. ಕಾಗದದ ವಾಟರ್‌ಮಾರ್ಕ್, ಅಂದರೆ ಬೆಳಕಿಗೆ ಹಿಡಿದರೆ ಕಾಣುವ ತಯಾರಕರ ಗುರುತು, ಕೂಡ ಹೀಗೇ ಕೈಕೊಡುತ್ತದೆ. ಇಂಗ್ಲೆಂಡಿನಲ್ಲಿ 1794ರ ಸುಂಕದ ಕಾನೂನಿನಿಂದಾಗಿ ತಯಾರಕರು ಕಾಗದದಲ್ಲಿ ಇಸವಿ ಮೂಡಿಸತೊಡಗಿದರು. ಕೆಲವರು ವರ್ಷಗಟ್ಟಲೆ ಆ 1794ನ್ನೇ ಮುಂದುವರಿಸಿದರು! ಅದೂ ಅಲ್ಲದೆ ಟರ್ನರ್ ನೀಲಿ ಹಾಳೆಯನ್ನು ಹರಿದು ಅಂಗೈಗಿಂತ ಸ್ವಲ್ಪ ದೊಡ್ಡ ತುಂಡು ಮಾಡಿಕೊಳ್ಳುತ್ತಿದ್ದ, ಸುಮಾರು 14 ಸೆಂ.ಮೀ.ಗೆ 19 ಸೆಂ.ಮೀ. ಎಷ್ಟೋ ತುಂಡುಗಳಿಗೆ ವಾಟರ್‌ಮಾರ್ಕ್ ಬಂದೇ ಇಲ್ಲ.

ಹಾಗಾದರೆ ನಿಮ್ಮ ಚಿತ್ರಕ್ಕೆ 1839 ಎಲ್ಲಿಂದ ಬಂತು? ಟರ್ನರ್ ಮ್ಯೂಸ್ ಮತ್ತು ಮೋಸೆಲ್ ನದಿಗಳ ಕಡೆ 1824ರಲ್ಲೂ ಹೋಗಿದ್ದ, 1839ರಲ್ಲೂ ಹೋಗಿದ್ದ. ಅವನು ಸತ್ತ ಮೇಲೆ ದೇಶಕ್ಕೆ ಸೇರಿದ ಹಾಳೆಗಳು 30 ಸಾವಿರಕ್ಕೂ ಜಾಸ್ತಿ. 1909ರಲ್ಲಿ ಫಿನ್‌ಬರ್ಗ್ ಎಂಬ ಕಲಾ ಇತಿಹಾಸಕಾರ ಅವುಗಳ ಪಟ್ಟಿ ಮಾಡಿದಾಗ ಈ ನೀಲಿ ಹಾಳೆಗಳಲ್ಲಿ ಹಲವು ಫ್ರಾನ್ಸಿನ ನದಿಗಳ ಗುಂಪಿಗೆ ಹೋಗಿಬಿಟ್ಟವು. ಆಮೇಲೂ ಅವನ್ನು 1839ಕ್ಕಿಂತ ಹಿಂದಕ್ಕೇ ಇಟ್ಟಿದ್ದರು. ಸಿಸಿಲಿಯಾ ಪೊವೆಲ್ ಎಂಬ ವಿದ್ವಾಂಸೆ ಬಣ್ಣದ ಚಿತ್ರಗಳನ್ನು ಪಕ್ಕಕ್ಕಿಟ್ಟುಕೊಂಡು ಸ್ಕೆಚ್ ಬುಕ್ಕಿನ ಪುಟಗಳನ್ನು ತಿರುವಿ ಹಾಕಿದರು. ಬೆಟ್ಟದ ಓರೆ, ಚರ್ಚಿನ ಗೋಪುರ, ನಿಂತು ನೋಡಿದ ಜಾಗ, ಎಲ್ಲ 1839ರ ಪುಸ್ತಕಗಳಿಗೆ ತಾಳೆಯಾದವು. 1991ರಲ್ಲಿ ಲಂಡನ್ನಿನ ಟೇಟ್ ಗ್ಯಾಲರಿಯ ಪ್ರದರ್ಶನದಲ್ಲಿ ಈ ಹೊಸ ಇಸವಿಯನ್ನು ಮುಂದಿಟ್ಟರು. ‘ಸುಮಾರು’ ಯಾಕೆ ಅಂದರೆ, ಪೆನ್ಸಿಲ್ ಗೆರೆಗೆ ವರ್ಷ ಸಿಕ್ಕಿತು, ಬಣ್ಣ ಹಚ್ಚಿದ ದಿನ ಸಿಗಲಿಲ್ಲ. ಆ ಪದವನ್ನು ಅನುಮಾನ ಅಂದುಕೊಳ್ಳಬೇಡಿ, ನನಗೆ ಅದು ಪ್ರಾಮಾಣಿಕತೆ ಅನಿಸುತ್ತದೆ.

ನಾನೂ ಒಮ್ಮೆ ಮೋಸಹೋಗಿದ್ದೆ. ಕೊಬ್ಲೆಂಜ್‌ನ ಹಳೇ ಸಾಮಾನಿನ ಸಂತೆಯಲ್ಲಿ ಕೋಟೆಯ ಅಚ್ಚುಚಿತ್ರ ಒಂದನ್ನು ಕೊಂಡೆ. ಯಾರು ಬಿಡಿಸಿದ್ದೋ, ಹೆಸರಿಲ್ಲ. 1810ರದು ಅಂತ ಮಾರುವವನು ಹೇಳಿದ, ಚೌಕಾಸಿ ಮಾಡದೆ ದುಡ್ಡು ಕೊಟ್ಟೆ. ಮನೆಗೆ ಬಂದು ಭೂತಕನ್ನಡಿ ಹಿಡಿದರೆ ಕೆಳಗಿನ ಮೂಲೆಯಲ್ಲಿ ದೋಣಿ ಸೇತುವೆ, ಅದರ ಪಕ್ಕ ಹೊಗೆ ಕಾರುವ ಸ್ಟೀಮರ್. ಹಿಂಬದಿಯಲ್ಲಿ ಅವನು ಪೆನ್ಸಿಲ್‌ನಲ್ಲಿ ಬರೆದ 1810 ಇನ್ನೂ ಹಾಗೇ ಇದೆ, ನಾನು ಅಳಿಸಿಲ್ಲ.