ಮಿಡಿ ಹಾಕುವುದನ್ನು ಕೂಸಿಗೆ ಕಲಿಸಲಿ ಬಿಡಿ

ಅಕ್ಕಾ, ನಮ್ಮದು ಶಿರಸಿ ಸೀಮೆಯ ಒಂದು ಹಳ್ಳಿ. ಎರಡೂವರೆ ಎಕರೆ ಅಡಿಕೆ ತೋಟ. ಹೆಂಡತಿಗೆ 41 ವರ್ಷ. ಎರಡು ವರ್ಷದ ಹಿಂದೆ ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್, ಕೀಮೋ ಎಲ್ಲ ಮಣಿಪಾಲದಲ್ಲಿ ಆಯಿತು. ಕಳೆದ ತಿಂಗಳು ಡಾಕ್ಟರು ನನ್ನೊಬ್ಬನನ್ನೇ ಕರೆದು, 'ಇನ್ನು ಕೀಮೋ ಕೊಟ್ಟರೆ ತ್ರಾಸೇ ಹೆಚ್ಚು, ಮನೆಯಲ್ಲೇ ಇಟ್ಟುಕೊಳ್ಳಿ, ಎರಡು-ಮೂರು ತಿಂಗಳು ಇರಬಹುದು' ಎಂದರು. ಹತ್ತು ದಿನಕ್ಕೊಮ್ಮೆ ಹೊಟ್ಟೆಯ ನೀರು ತೆಗೆಸಬೇಕಾಗುತ್ತದೆ. ಮಗಳು ಎಸ್ಸೆಸ್ಸೆಲ್ಸಿ, ಮಾರ್ಚಿನಲ್ಲಿ ಪರೀಕ್ಷೆ. ಮಗ ಮೂರನೇ ಕ್ಲಾಸು. ಪರೀಕ್ಷೆ ಮುಗಿಯುವ ತನಕ ಕೂಸಿಗೆ ಹೇಳಲೇಬೇಡ ಎಂದು ಮನೆಯವರದ್ದೆಲ್ಲ ಒಂದೇ ಮಾತು. ಮೊನ್ನೆ ಹೆಂಡತಿ, ಈ ಸಲ ಮಾವಿನ ಮಿಡಿ ಉಪ್ಪಿನಕಾಯಿ ಹಾಕುವುದನ್ನು ಮಗಳಿಗೆ ಕಲಿಸುತ್ತೇನೆ ಅಂದಳು. 'ಮುಂದಿನ ವರ್ಷ ನೀನೇ ಹಾಕಿದರಾಯಿತು' ಎಂದೆ. ಆಮೇಲೆ ರಾತ್ರಿಯವರೆಗೆ ಅವಳು ಮಾತೇ ಆಡಲಿಲ್ಲ. ಮಗಳು ಮಾತ್ರ ದೀಪಾವಳಿಯಿಂದ ಈಚೆಗೆ ಆಯಿಗೆ ಯಾವಾಗ ಗುಣ ಆಗುತ್ತದೆ ಎಂದು ಕೇಳುವುದನ್ನೇ ಬಿಟ್ಟಿದ್ದಾಳೆ, ಅದೊಂದು ಸಮಾಧಾನ. ಇನ್ನೊಂದು ಮಾತು ಯಾರಿಗೂ ಹೇಳಿಲ್ಲ. ಒಂದು ರಾತ್ರಿ ಅವಳ ನರಳಾಟ ಕೇಳಲಾಗದೆ, ಬೇಗ ಮುಗಿಸಿಬಿಡು ದೇವರೇ ಎಂದು ಕೈಮುಗಿದೆ. ನಾನೆಂಥ ಮನುಷ್ಯ? ಮಗಳಿಗೆ ಹೇಳಲೋ, ಬೇಡವೋ?

– ಹೆಸರು ಬೇಡ, ಶಿರಸಿ

ತಮ್ಮಾ, ಹೇಳಿ. ಪರೀಕ್ಷೆಗೆ ಮೊದಲೇ ಹೇಳಿ.

ನೀವು 'ಸಮಾಧಾನ' ಎಂದು ಬರೆದ ಸಾಲನ್ನು ನಾನು ಎರಡು ಸಲ ಓದಿದೆ. ಹದಿನೈದರ ಹುಡುಗಿ ಕೇಳುವುದನ್ನು ಬಿಟ್ಟಿದ್ದಾಳೆ ಎಂದರೆ ಅವಳಿಗೆ ಉತ್ತರ ಸಿಕ್ಕಿದೆ. ಹತ್ತು ದಿನಕ್ಕೊಮ್ಮೆ ಆಯಿಯ ಹೊಟ್ಟೆ ಉಬ್ಬುವುದು, ಕಾರು ಬರುವುದು, ಇಳಿದ ಹೊಟ್ಟೆಯೊಡನೆ ಆಯಿ ವಾಪಸು ಬಂದು ಗೋಡೆ ಕಡೆ ಮುಖ ಮಾಡಿ ಮಲಗುವುದು ಎಲ್ಲ ಅವಳ ಕಣ್ಣೆದುರೇ ಆಗುತ್ತಿದೆ. ಮನೆಯಲ್ಲೊಂದು ಫೋನಿದೆ, ಅದರಲ್ಲಿ ಹುಡುಕಲು ಅವಳಿಗೆ ನಿಮಗಿಂತ ಚೆನ್ನಾಗಿ ಬರುತ್ತದೆ. ಗೊತ್ತಿಲ್ಲದ ಹಾಗೆ ಇರುವುದನ್ನು ಆ ಮಗು ನಿಮ್ಮಿಂದಲೇ ಕಲಿತಿದೆ.

ನನ್ನದೇ ಕತೆ ಹೇಳುತ್ತೇನೆ. ನಾನಾಗ ಒಂಬತ್ತನೇ ಕ್ಲಾಸು. ಅಪ್ಪನಿಗೆ ಏನಾಗಿದೆ ಎಂದು ಕೇಳಿದಾಗೆಲ್ಲ 'ಎಂತೂ ಆಜಿಲ್ಲೆ, ನೀನು ಓದು' ಎನ್ನುತ್ತಿದ್ದರು. ನಾನೂ ಓದಿದೆ. ಒಂದು ರಾತ್ರಿ ಒಳಗಿನ ಕೋಣೆಯಿಂದ ಅಪ್ಪ ನೀರು ಕೇಳಿದರು. ನಾಳೆ ಟೆಸ್ಟಿದೆ ಎಂದು ತಮ್ಮನನ್ನು ಕಳಿಸಿದೆ. ಮಾರನೆಯ ದಿನ ಶಾಲೆಯಿಂದ ಬಂದರೆ ಅಂಗಳದ ತುಂಬ ಚಪ್ಪಲಿ. ಅಳು ಬಂದದ್ದು ಆಮೇಲೆ, ಮೊದಲು ಬಂದದ್ದು ದೊಡ್ಡವರ ಮೇಲಿನ ಸಿಟ್ಟು. ಗೊತ್ತಿದ್ದರೆ ಆ ನೀರನ್ನು ನಾನೇ ಕೊಡುತ್ತಿದ್ದೆ. ನನಗೀಗ ಅರವತ್ತು ದಾಟಿದೆ, ಆ ಟೆಸ್ಟು ಯಾವ ಸಬ್ಜೆಕ್ಟಿನದು ಎನ್ನುವುದು ಮರೆತೇ ಹೋಗಿದೆ.

ಆದರೆ ಮಗಳಿಗಿಂತ ಮೊದಲು ಹೆಂಡತಿಯ ಹತ್ತಿರ ಕೂತು ಮಾತಾಡಬೇಕು. ರೋಗಿಯನ್ನು ಹೊರಗಿಟ್ಟು ಗಂಡನನ್ನೋ ಅಣ್ಣನನ್ನೋ ಕರೆದು ಹೇಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ, ನನಗಂತೂ ಅದು ಸರಿ ಕಾಣುವುದಿಲ್ಲ. ಅವಳ ಮೈ, ಅವಳಿಗೆ ತಿಳಿಯದೇ? ಮಿಡಿಯ ಮಾತು ಎತ್ತಿ ಅವಳು ನಿಮ್ಮನ್ನು ಪರೀಕ್ಷೆ ಮಾಡಿದ್ದಾಳೆ, ಇವನ ಹತ್ತಿರ ಇದನ್ನು ಮಾತಾಡಬಹುದೋ ಇಲ್ಲವೋ ಎಂದು. ಮತ್ತೆ ಅವಳೇ ಎತ್ತಲಿ ಎಂದು ಕಾಯಬೇಡಿ. 'ಅವತ್ತು ನಾನು ಹಾಗೆ ಹೇಳಬಾರದಿತ್ತು. ನಿಂಗೆ ಎಂತ ಅನ್ನಿಸ್ತಾ ಇದ್ದು?' ಎಂದು ಕೇಳಿ ಸುಮ್ಮನಾಗಿ. ಡಾಕ್ಟರು ಹೇಳಿದ್ದೆಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸುವುದೇನೂ ಬೇಡ. ಅವಳು ಕೇಳಿದಷ್ಟಕ್ಕೆ ಸುಳ್ಳಿಲ್ಲದ ಉತ್ತರ ಕೊಡಿ. ಮಕ್ಕಳಿಗೆ ಯಾರು ಹೇಳಬೇಕು ಎಂಬುದನ್ನೂ ಅವಳೇ ತೀರ್ಮಾನಿಸಲಿ, ತಾನೇ ಹೇಳುತ್ತೇನೆ ಎನ್ನಲೂಬಹುದು.

ನೀವೇ ಹೇಳುವುದಾದರೆ ಭಾನುವಾರ ಬೆಳಿಗ್ಗೆ ಮಗಳನ್ನು ತೋಟಕ್ಕೆ ಕರೆದುಕೊಂಡು ಹೋಗಿ. ಕೆಲಸ ಮಾಡುತ್ತ ಮಾತಾಡುವುದು ಎದುರುಬದುರು ಕೂತು ಮಾತಾಡುವುದಕ್ಕಿಂತ ಸುಲಭ. ನಿನಗೆಷ್ಟು ಗೊತ್ತು ಎಂದು ಮೊದಲು ಕೇಳಿ. ಆಮೇಲೆ ಸಣ್ಣ ಸಣ್ಣ ಮಾತಿನಲ್ಲಿ: ಆಯಿಯ ಕ್ಯಾನ್ಸರ್ ಇನ್ನು ಗುಣವಾಗುವುದಿಲ್ಲ, ನೋವು ಕಡಿಮೆ ಮಾಡಲು ಔಷಧ ಕೊಡುತ್ತಾರೆ, ಆಯಿ ಹೆಚ್ಚು ದಿನ ಇರುವುದಿಲ್ಲ. ಅವಳು ಅತ್ತರೆ ಅಳಲಿ. ನಿಮಗೂ ಅಳು ಬಂದರೆ ತಡೆದುಕೊಳ್ಳಬೇಡಿ. ಏನೂ ಆಗದವಳಂತೆ ಎದ್ದು ಹೋಗಿ ಓದಲು ಕೂತರೂ ಗಾಬರಿಯಾಗಬೇಡಿ, ಆ ವಯಸ್ಸೇ ಹಾಗೆ.

ಚಿಕ್ಕವನಿಗೂ ಹೇಳಬೇಕು, ಇನ್ನೂ ಸರಳವಾಗಿ. ಆಯಿ ನಿದ್ದೆ ಮಾಡುತ್ತಾಳೆ, ಊರಿಗೆ ಹೋಗುತ್ತಾಳೆ ಎಂಬ ಮಾತು ಬೇಡ. ಅದನ್ನು ನಂಬಿ ಮಲಗಲು ಹೆದರುವ, ಅಪ್ಪ ಪೇಟೆಗೆ ಹೊರಟರೂ ಕಂಗಾಲಾಗುವ ಮಕ್ಕಳನ್ನು ನೋಡಿದ್ದೇನೆ. ತಾನು ಹಟ ಮಾಡಿದ್ದಕ್ಕೇ ಹೀಗಾಯಿತು ಎಂದು ಆ ವಯಸ್ಸಿನವರು ಒಳಗೊಳಗೇ ನಂಬಿಕೊಂಡಿರುತ್ತಾರೆ. ನಿನ್ನಿಂದ ಆದದ್ದಲ್ಲ, ಆಯಿಯನ್ನು ಮುಟ್ಟಿದರೆ ಅಂಟುವುದೂ ಇಲ್ಲ ಎಂದು ಬಾಯಿಬಿಟ್ಟು ಹೇಳಿ. ಅವಳ ತಟ್ಟೆ-ಲೋಟ ಬೇರೆ ಇಡುವವರು ಯಾರಾದರೂ ಮನೆಯಲ್ಲಿದ್ದರೆ ಅವರಿಗೂ ಕೇಳಿಸುವ ಹಾಗೆ ಹೇಳಿ.

ಇನ್ನು ಪರೀಕ್ಷೆ. ನಿಮ್ಮ ಮನೆಯವರ ಭಯ ನಮ್ಮ ಕಾಲದ್ದು, ತಪ್ಪಿದರೆ ಒಂದು ವರ್ಷ ಹೋಯಿತು ಎನ್ನುವ ಕಾಲದ್ದು. 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಹೆಡ್‌ಮಾಸ್ತರರನ್ನು ಈ ವಾರವೇ ಕಂಡು ಮನೆಯ ಪರಿಸ್ಥಿತಿ ತಿಳಿಸಿ. ಬರೆಯುತ್ತೇನೆ ಎಂದರೆ ಬರೆಯಲಿ, ತಡೆಯಬೇಡಿ. ಆಯಿಯ ಮಂಚದ ಪಕ್ಕವೇ ಕೂತು ಓದಿದರೆ ಇನ್ನೂ ಒಳ್ಳೆಯದು.

ಆ ರಾತ್ರಿ ಕೈಮುಗಿದಿರಿ ಎಂದಿರಿ. ವರ್ಷಗಟ್ಟಲೆ ರೋಗಿಯ ಹಾಸಿಗೆ ಪಕ್ಕ ಕೂತ ಎಷ್ಟೋ ಜನ ಇದನ್ನೇ ನನಗೆ ಬರೆದಿದ್ದಾರೆ. ಅವಳ ನೋವು ಮುಗಿಯಲಿ ಎಂದಿರೇ ಹೊರತು ಅವಳು ಬೇಡ ಎಂದಿರಲಿಲ್ಲವಲ್ಲ. ನನಗೆ ನಿಮ್ಮ ಪ್ರಾರ್ಥನೆಗಿಂತ ಅವಳ ನರಳಾಟದ ಚಿಂತೆಯೇ ದೊಡ್ಡದು. ಅಷ್ಟು ನೋವು ಅವಳು ತಿನ್ನಬೇಕಾಗಿಲ್ಲ, ತಮ್ಮಾ. ಕೀಮೋ ನಿಂತರೆ ಚಿಕಿತ್ಸೆಯೇ ನಿಂತಂತೆ ಎಂದು ನಮ್ಮವರು ತಿಳಿಯುತ್ತಾರೆ. ನೋವು, ವಾಂತಿ, ಉಸಿರಾಟದ ತ್ರಾಸು ನೋಡಿಕೊಳ್ಳುವುದಕ್ಕೇ ಉಪಶಾಮಕ ಆರೈಕೆ ಎಂಬ ಬೇರೆ ವಿಭಾಗವಿದೆ. ಮುಂದಿನ ಸಲ ನೀರು ತೆಗೆಸಲು ಹೋದಾಗ ಅದನ್ನು ಹೆಸರು ಹಿಡಿದು ಕೇಳಿ. ನೋವಿಗೆ ಮಾರ್ಫಿನ್ ಮಾತ್ರೆ ಬರೆದುಕೊಟ್ಟರೆ 'ಇದು ಕೊನೆಯ ಔಷಧ' ಎಂದು ಹೆದರಿ ಕಪಾಟಿನಲ್ಲಿ ಇಟ್ಟುಬಿಡಬೇಡಿ. ಡಾಕ್ಟರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಅದು ಸಾವನ್ನು ಹತ್ತಿರ ತರುವುದಿಲ್ಲ. ನೋವು ಏರಿದ ಮೇಲೆ ಕೊಡುವುದಲ್ಲ, ಹೇಳಿದ ಹೊತ್ತಿಗೆ ಸರಿಯಾಗಿ ಕೊಡಬೇಕು. ಮಲಬದ್ಧತೆ ಆಗೇ ಆಗುತ್ತದೆ, ಅದಕ್ಕೂ ಔಷಧ ಜೊತೆಗೇ ಕೇಳಿ ಪಡೆಯಿರಿ. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಮಾರ್ಫಿನ್ ಕೊಡುವುದು ಮೊದಲಿಗಿಂತ ಸುಲಭವಾಗಿದೆ. ದೊಡ್ಡ ಆಸ್ಪತ್ರೆ ಬೇಕೆಂದು ನಮ್ಮ ಜಿಲ್ಲೆಯವರು ಕೂಗಿ ಕೂಗಿ ಗಂಟಲು ಒಣಗಿದೆ, ಇರಲಿ. ಮಣಿಪಾಲಕ್ಕೆಂದು ದೇವಿಮನೆ ಘಟ್ಟ ಇಳಿದು ಹತ್ತುವುದು ಅವಳಿಗೆ ಆಗದಿದ್ದರೆ, ಯಾವುದನ್ನು ಶಿರಸಿಯಲ್ಲೇ ಮಾಡಿಸಬಹುದು ಎಂದು ಡಾಕ್ಟರಿಂದ ಚೀಟಿ ಬರೆಸಿಕೊಂಡು ಬನ್ನಿ. ಗಂಜಿ ಬೇಡ ಎಂದರೆ ಬಲವಂತ ಮಾಡಬೇಡಿ. ದೇಹಕ್ಕೆ ಬೇಡವಾಗಿರುತ್ತದೆ, ಅವಳು ಉಪವಾಸ ಬಿದ್ದಿದ್ದಾಳೆ ಎಂದು ನಿಮ್ಮವರು ಗೋಳಾಡುವುದು ಬೇಡ. ತುಟಿ ಒಣಗದಂತೆ ನೋಡಿಕೊಂಡರೆ ಸಾಕು.

ನಿಮಗೇ ತಡೆಯಲಾಗದ ರಾತ್ರಿ ಬಂದರೆ 14416ಕ್ಕೆ ಫೋನ್ ಮಾಡಿ. ಟೆಲಿ-ಮನಸ್ ಎಂಬ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕೊನೆಗೆ ಮಿಡಿ. ಅವಳು ಮಂಚದ ಮೇಲೆ ದಿಂಬಿಗೆ ಒರಗಿ ಕೂರಲಿ, ಕೂಸು ಕೆಳಗೆ ಭರಣಿ ಇಟ್ಟುಕೊಂಡು ಕೂರಲಿ. ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ಉಪ್ಪು ಎಷ್ಟು ಎಂದು ಆಯಿ ಕೈ ಅಳತೆಯಲ್ಲಿ ತೋರಿಸಿದ್ದನ್ನು ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ, ಆ ಹೊತ್ತಿಗೆ ಓದು ಎಂದು ನೀವು ಗದರಬೇಡಿ. ಮಿಡಿ ಚಿರುಟಿ ಖಾರ ಹಾಕುವ ಹೊತ್ತಿಗೆ ಅವಳು ಇರುತ್ತಾಳೋ ಇಲ್ಲವೋ, ಹಾಗಾಗಿ ಅದನ್ನೂ ಈಗಲೇ ಹೇಳಿಸಿಕೊಳ್ಳಲಿ. ಮರ ಹತ್ತುವವನಿಗೆ ಇವತ್ತೇ ಹೇಳಿಕಳಿಸಿ. ನೆಲಕ್ಕೆ ಉದುರಿಸದೆ, ತೊಟ್ಟು ಮುರಿಯದ ಹಾಗೆ ಕೊಯ್ಯಬೇಕು ಎಂದು ಹೇಳುವುದು ಮರೆಯಬೇಡಿ.