ಮಣ್ಣಿನ ಬಯಕೆಯನ್ನು ಮಿಡ್‌ವೈಫ್‌ಗೆ ಹೇಳಿಬಿಡಿ

ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಬಂದು ಐದು ತಿಂಗಳು, ಈಗ ಬಸುರಿಗೆ 28 ವಾರ. ಮಿಡ್‌ವೈಫ್, ಅಂದರೆ ಇಲ್ಲಿ ಬಸುರಿಯರನ್ನು ನೋಡಿಕೊಳ್ಳುವ ಸೂಲಗಿತ್ತಿ, ಹೊಟ್ಟೆಗೆ ಟೇಪು ಹಿಡಿದು ಅಳೆದಾಗ 25 ಸೆಂಟಿಮೀಟರ್ ಬಂತು, ಅದು ಕಡಿಮೆಯಾಯಿತು, ಸ್ಕ್ಯಾನ್‌ಗೆ ಬನ್ನಿ ಅಂದರು. ಅಂದಿನಿಂದ ನಿಮಗೆ ನಿದ್ದೆ ಇಲ್ಲ. ಊರಿಂದ ಅಮ್ಮ, ಅತ್ತೆ ಇಬ್ಬರೂ 'ಇಬ್ಬರಿಗಾಗುವಷ್ಟು ತಿನ್ನು' ಅನ್ನುತ್ತಾರೆ. ನಿಮಗೆ ಅನ್ನ ಕಂಡರೆ ಆಗುವುದಿಲ್ಲ. ಕೊನೆಗೆ ಒಂದೇ ಸಾಲಿನಲ್ಲಿ, ಮಣ್ಣು ತಿನ್ನಬೇಕು ಅನ್ನಿಸುತ್ತದೆ, ಗಂಡನಿಗೂ ಹೇಳಿಲ್ಲ ಎಂದಿದ್ದೀರಿ. ಆ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ.

ನನಗೆ ಬಳಪ. 2013ರಲ್ಲಿ, ಲೆಸ್ಟರ್‌ಗೆ ಬಂದ ಮರುವರ್ಷ, ಮೊದಲ ಬಸುರಿನಲ್ಲಿ. ದಾವಣಗೆರೆಯಿಂದ ಬರುತ್ತಿದ್ದ ಪರಿಚಯದವರ ಕೈಲಿ ಹೇಗೋ ಒಂದು ಡಬ್ಬಿ ತರಿಸಿಕೊಂಡೆ. ದಿನಕ್ಕೆ ನಾಲ್ಕೈದು ತಿನ್ನುತ್ತಿದ್ದೆ, ಬಟ್ಟೆ ಬೀರುವಿನಲ್ಲಿ ಬಚ್ಚಿಟ್ಟು. ಎರಡು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಊರಲ್ಲಾಗಿದ್ದರೆ ಎರಡನೇ ದಿನವೇ ಅಜ್ಜಿಗೆ ಗೊತ್ತಾಗುತ್ತಿತ್ತು. ಅಲ್ಲಿ ಬಸುರಿಯನ್ನು ಕಂಡವರೆಲ್ಲ 'ಏನು ತಿನ್ನಬೇಕು ಅನ್ಸುತ್ತೆ?' ಅಂತ ಕೇಳುತ್ತಾರೆ, ಮುಖ ಬಿಳಿಚಿದ್ದರೆ ಹೇಳುತ್ತಾರೆ. ಇಲ್ಲಿ ನಾವು ಬಾಯಿ ಬಿಟ್ಟರೆ ಮಾತ್ರ.

ಕೊನೆಗೆ 28ನೇ ವಾರದ ರಕ್ತಪರೀಕ್ಷೆ ಹೇಳಿತು. ಹಿಮೋಗ್ಲೋಬಿನ್ 92. ನಾನು 92 ಅಂದರೆ ಒಳ್ಳೆಯ ಮಾರ್ಕ್ಸ್ ಅಂದುಕೊಂಡಿದ್ದೆ! ಇಲ್ಲಿ ಲೀಟರಿನ ಲೆಕ್ಕದಲ್ಲಿ ಬರೆಯುತ್ತಾರೆ, ನಮ್ಮೂರಿನ ಲೆಕ್ಕಕ್ಕೆ ಅದು 9.2. ಈ ವಾರಗಳಲ್ಲಿ 105ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ನೋಡುತ್ತಾರೆ. ಮಣ್ಣು, ಬಳಪ, ಐಸ್, ಇದ್ದಿಲು ಬೇಕು ಅನ್ನಿಸುವುದಕ್ಕೂ ಕಬ್ಬಿಣದ ಕೊರತೆಗೂ ನಂಟಿದೆ ಎಂದು ಮಿಡ್‌ವೈಫ್ ಅಂದೇ ತಿಳಿಸಿದರು. ಅವರು ಮುಖ ಸಿಂಡರಿಸಲಿಲ್ಲ. ಇಂಥ ಬಯಕೆಗೊಂದು ಹೆಸರೂ ಇದೆ, ಪೈಕಾ. ಕಬ್ಬಿಣದ ಮಾತ್ರೆ ಶುರುವಾಗಿ ಕೆಲವು ವಾರಕ್ಕೆ ನನ್ನ ಬಳಪದ ಆಸೆ ತಾನಾಗಿಯೇ ಇಳಿಯಿತು.

ಹಾಗಾಗಿ ನಾಳೆಯೇ ನಿಮ್ಮ ಮಿಡ್‌ವೈಫ್‌ಗೆ ಫೋನ್ ಮಾಡಿ, ಮಣ್ಣಿನ ವಿಷಯ ಹೇಳಿ, ರಕ್ತದ ರಿಪೋರ್ಟ್ ಕೇಳಿ. ಏಷ್ಯನ್ ಅಂಗಡಿಗಳಲ್ಲಿ ಸಿಕೋರ್ ಅನ್ನುವ ಸುಟ್ಟ ಜೇಡಿಮಣ್ಣು ಸಿಗುತ್ತದೆ. ದಯವಿಟ್ಟು ಅದನ್ನು ಮುಟ್ಟಬೇಡಿ. ಅದರಲ್ಲಿ ಸೀಸ, ಆರ್ಸೆನಿಕ್ ಸಿಕ್ಕಿವೆ. ಬಸುರಿಯರು ತಿನ್ನಬಾರದು ಎಂದು ಆಹಾರದ ಸುರಕ್ಷತೆ ನೋಡುವ ಇಲ್ಲಿನ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿಯೇ ಎಚ್ಚರಿಸಿದೆ. ಮಾತ್ರೆಗೆ ದುಡ್ಡು ಕೊಡಬೇಕಾಗುತ್ತದೆ ಅಂತ ಹಿಂಜರಿಯಬೇಡಿ. ಮೆಟರ್ನಿಟಿ ಎಕ್ಸೆಂಪ್ಷನ್ ಸರ್ಟಿಫಿಕೇಟ್ ಮಾಡಿಸಿದ್ದಾರಾ ಕೇಳಿ. ಅದಿದ್ದರೆ ಹೆರಿಗೆಗೆ ಕೊಟ್ಟ ದಿನಾಂಕದ ನಂತರ ಒಂದು ವರ್ಷದವರೆಗೂ ಡಾಕ್ಟರು ಬರೆದುಕೊಟ್ಟ ಔಷಧಿ ಪುಕ್ಕಟೆ. ಮಾತ್ರೆ ನುಂಗುವ ಹೊತ್ತಿಗೆ ಕಾಫಿ, ಟೀ ಬೇಡ, ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಿಂಬೆಹಣ್ಣಿನ ಪಾನಕ ಒಳ್ಳೆಯದು.

ಹುಣಸೆಹಣ್ಣು, ಮಾವಿನಕಾಯಿ ಆಸೆ ಬೇರೆ ವಿಷಯ. ಅದಕ್ಕೆ ಮನಸ್ಸು ಕಟ್ಟಿಹಾಕಬೇಡಿ. ಇಲ್ಲಿ ಹಸಿ ಮಾವಿನಕಾಯಿ ಸಿಗದಿದ್ದಾಗ ನಾನು ಹುಳಿ ಹಸಿರು ಸೇಬಿಗೆ, ಗ್ರ್ಯಾನಿ ಸ್ಮಿತ್ ಅಂತಾರಲ್ಲ ಅದಕ್ಕೆ, ಉಪ್ಪು ಖಾರ ಹಚ್ಚಿ ತಿಂದೆ. ಸುಮಾರಾಗಿ ಹತ್ತಿರ ಬರುತ್ತದೆ. ಹುಣಸೆ, ಬೆಲ್ಲ, ಜೀರಿಗೆ ಕುಟ್ಟಿ ಚಿಗಳಿ ಮಾಡಿಕೊಳ್ಳಿ. ಅನ್ನ ಸೇರದಿದ್ದರೆ ರಾಗಿ ಅಂಬಲಿ, ಮೊಸರು, ಹೆಸರುಕಾಳಿನ ಕೋಸಂಬರಿ, ಮೊಟ್ಟೆ ಯಾವುದು ಇಳಿಯುತ್ತದೋ ಅದು. ಮಂಡಕ್ಕಿ ಎಲ್ಲಾ ಇಂಡಿಯನ್ ಅಂಗಡಿಯಲ್ಲೂ ಇದೆ. ನಮ್ಮೂರಿನ ರುಚಿ ಬರುವುದಿಲ್ಲ, ಆದರೂ ಒಗ್ಗರಣೆ ಬಿದ್ದಾಗ ಮನೆಯೆಲ್ಲ ಊರಿನ ವಾಸನೆ. ಆ ಸಂಜೆ ಸಮಾಧಾನವಾಗಿ ನಿದ್ದೆ ಬರುತ್ತದೆ.

'ಇಬ್ಬರಿಗಾಗುವಷ್ಟು' ಅನ್ನುವ ಮಾತು ಪ್ರೀತಿಯದ್ದು, ಲೆಕ್ಕದ್ದಲ್ಲ. ಮೊದಲ ಆರು ತಿಂಗಳು ಹೆಚ್ಚುವರಿ ಬೇಕಾಗಿಯೇ ಇಲ್ಲ, ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ ಸುಮಾರು 200 ಕ್ಯಾಲರಿ ಸಾಕು ಎನ್ನುತ್ತದೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್. ಅಂದರೆ ಹೆಚ್ಚುಕಡಿಮೆ ತುಪ್ಪ ಸವರಿದ ಒಂದು ಚಪಾತಿ. ಮಗು ಚಿಕ್ಕದಾಗಿದ್ದರೆ ಎರಡು ತಟ್ಟೆ ಅನ್ನ ತಿಂದು ದಪ್ಪ ಮಾಡುವುದಕ್ಕೆ ಆಗುವುದಿಲ್ಲ. ಮಾಸು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ, ನಿಮ್ಮ ಬಿಪಿ ಹೇಗಿದೆ, ನೀವೇ ಎಷ್ಟು ಎತ್ತರ, ಇವೆಲ್ಲ ಅದರಲ್ಲಿ ಸೇರಿವೆ. ಇದನ್ನು ಅತ್ತೆಗೆ ಹೇಳುವಾಗ ಜಗಳಕ್ಕೆ ಹೋಗಬೇಡಿ. ದೂರದಲ್ಲಿ ಕೂತವರಿಗೆ ತಿನ್ನು ಅನ್ನುವುದು ಬಿಟ್ಟು ಮತ್ತೇನು ಮಾಡಲು ಸಾಧ್ಯ, ಅಲ್ವಾ?

ಈಗ ಆ 25 ಸೆಂಟಿಮೀಟರ್. ಟೇಪಿನ ಅಳತೆ ಸುಮಾರಾಗಿ ವಾರದ ಸಂಖ್ಯೆಗೆ ಹೊಂದಬೇಕು, ಎರಡು ಸೆಂಟಿಮೀಟರ್ ಆಚೀಚೆ. ಮಗು ಅಡ್ಡ ಮಲಗಿದ್ದರೂ ಕಡಿಮೆ ಬರುತ್ತದೆ. ಟೇಪು ಅಂದಾಜು ಅಷ್ಟೇ, ಅದಕ್ಕೇ ಸ್ಕ್ಯಾನ್. ನಿಮ್ಮನ್ನು ಕಳಿಸಿದ್ದು ಏನೋ ಕೆಟ್ಟದಾಗಿದೆ ಅಂತಲ್ಲ, ಅವರು ಗಮನವಿಟ್ಟು ನೋಡುತ್ತಿದ್ದಾರೆ ಅಂತ. ಊರಲ್ಲಿ ತಿಂಗಳಿಗೊಂದು ಸ್ಕ್ಯಾನ್ ಮಾಡಿಸಿಕೊಂಡ ಗೆಳತಿಯರನ್ನು ನೋಡಿರುತ್ತೀರಿ. ಇಲ್ಲಿ ಎಲ್ಲ ಸರಿ ಇದ್ದರೆ 12 ಮತ್ತು 20ನೇ ವಾರದ ಎರಡೇ. ಆದ್ದರಿಂದ ಮೂರನೆಯದಕ್ಕೆ ಕರೆದರೆ ಎದೆ ಧಸಕ್ ಅನ್ನುತ್ತದೆ.

ಸ್ಕ್ಯಾನ್‌ನಲ್ಲಿ ಮಗುವಿನ ತಲೆ, ಹೊಟ್ಟೆ, ತೊಡೆಯ ಮೂಳೆ ಅಳೆದು ತೂಕ ಅಂದಾಜು ಮಾಡುತ್ತಾರೆ. ಅದು ನೂರಕ್ಕೆ ಹತ್ತು ಹದಿನೈದರಷ್ಟು ಹೆಚ್ಚುಕಡಿಮೆ ಆಗಬಹುದು. ಹಾಗಾಗಿ ಗ್ರಾಂ ಹಿಡಿದು ಕೂರಬೇಡಿ. ಮೂರು ಪ್ರಶ್ನೆ ಕೇಳಿ. ಮಗು ಹತ್ತನೇ ಸೆಂಟೈಲ್‌ಗಿಂತ ಕೆಳಗಿದೆಯಾ, ಅಂದರೆ ಅಷ್ಟೇ ವಾರದ ನೂರು ಮಕ್ಕಳಲ್ಲಿ ತೀರಾ ಚಿಕ್ಕ ಹತ್ತರೊಳಗೆ ಬರುತ್ತದಾ? ಹೊಕ್ಕುಳಬಳ್ಳಿಯಲ್ಲಿ ರಕ್ತದ ಹರಿವು ಸರಿ ಇದೆಯಾ? ಮುಂದಿನ ಸ್ಕ್ಯಾನ್ ಯಾವಾಗ? ಚಾರ್ಟಿನ ಮೇಲಿನ ಒಂದು ಚುಕ್ಕೆಯಿಂದ ಬೆಳವಣಿಗೆ ತಿಳಿಯುವುದಿಲ್ಲ. ಎರಡು ಮೂರು ವಾರ ಬಿಟ್ಟು ಇನ್ನೊಂದು ಚುಕ್ಕೆ ಬಿದ್ದಾಗ ಗೆರೆ ಮೇಲಕ್ಕೆ ಹೋಗುತ್ತಿದೆಯಾ ಗೊತ್ತಾಗುತ್ತದೆ. ಹಲವು ಆಸ್ಪತ್ರೆಗಳಲ್ಲಿ ತಾಯಿಯ ಎತ್ತರ, ತೂಕ, ಮೂಲ, ಎಷ್ಟನೇ ಮಗು ಎಂಬುದನ್ನೆಲ್ಲ ಸೇರಿಸಿ ಚಾರ್ಟ್ ಮಾಡುತ್ತಾರೆ. ನಿಮ್ಮದು ಅಂಥದ್ದೇನಾ ಕೇಳಿ ನೋಡಿ. ಐದಡಿಯ ನನ್ನನ್ನು ಆರಡಿಯ ಹೆಂಗಸಿನ ಗೆರೆಗೆ ಹೋಲಿಸುವುದು ಸರಿಯಲ್ಲ. ನನ್ನ ಮಗಳು ಕೊನೆಯವರೆಗೂ ಚಾರ್ಟಿನ ಕೆಳಗಿನ ಗೆರೆಯ ಪಕ್ಕದಲ್ಲೇ ಬೆಳೆದಳು. 39ನೇ ವಾರದಲ್ಲಿ 2.7 ಕಿಲೋ ಹುಟ್ಟಿದಳು. ಹುಟ್ಟಿದ ತಕ್ಷಣ ಎಷ್ಟು ಜೋರಾಗಿ ಅತ್ತಳೆಂದರೆ ನಾನೂ ಅತ್ತುಬಿಟ್ಟೆ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ, ರಾತ್ರಿ ಎರಡು ಗಂಟೆ ಆಗಿದ್ದರೂ ಮೆಟರ್ನಿಟಿ ಯೂನಿಟ್‌ಗೆ ಫೋನ್ ಮಾಡಿ. ಇಷ್ಟೇ ಸಲ ಒದೆಯಬೇಕು ಅನ್ನುವ ಲೆಕ್ಕವಿಲ್ಲ. ನಿಮ್ಮ ಮಗುವಿನ ರೂಢಿ ನಿಮಗೆ ಗೊತ್ತಿರುತ್ತದೆ, ಅದು ಬದಲಾದರೆ ಸಾಕು. ಬೆಳಗ್ಗೆ ನೋಡೋಣ, ಇಂಗ್ಲಿಷ್ ತಡವರಿಸುತ್ತದೆ, ಸುಮ್ನೆ ತೊಂದರೆ ಕೊಟ್ಟಂತಾಗುತ್ತದೆ ಎಂದೆಲ್ಲ ಯೋಚಿಸಬೇಡಿ. ಇಂಟರ್‌ಪ್ರಿಟರ್ ಕೇಳಿದರೆ ವ್ಯವಸ್ಥೆ ಮಾಡುತ್ತಾರೆ. ಹಾಗೆಯೇ ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ 24ರಿಂದ 28ನೇ ವಾರದೊಳಗೆ ಆಗಬೇಕು. ನಮ್ಮ ಕಡೆಯವರಿಗೆ ಬಸುರಿನಲ್ಲಿ ಸಕ್ಕರೆ ಕಾಯಿಲೆ ಬರುವುದು ಜಾಸ್ತಿ. ಆಗಿಲ್ಲದಿದ್ದರೆ ಮಿಡ್‌ವೈಫ್‌ಗೆ ಮಾಡುವ ನಾಳೆಯ ಫೋನ್‌ನಲ್ಲೇ ಕೇಳಿ.

ಸ್ಕ್ಯಾನ್ ಮುಗಿದ ಮೇಲೆ ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ. ನಾಟಿಂಗ್‌ಹ್ಯಾಮ್‌ನಿಂದ ಲೆಸ್ಟರ್‌ಗೆ ರೈಲಿನಲ್ಲಿ ಅರ್ಧ ಗಂಟೆ. ಒಂದು ಶನಿವಾರ ಇಬ್ಬರೂ ಬನ್ನಿ, ಬಯಕೆ ಊಟ ನಾನು ಹಾಕುತ್ತೇನೆ. ಹೋಳಿಗೆ, ಎಣ್ಣೆಗಾಯಿ, ಮಂಡಕ್ಕಿ ಮಿರ್ಚಿ. ಹಸಿರು ಬಳೆ ಇಲ್ಲಿ ಬೆಲ್‌ಗ್ರೇವ್ ರೋಡಿನಲ್ಲಿ ಸಿಗುತ್ತವೆ. ನಿಮ್ಮ ಕೈಯ ಅಳತೆ ಎರಡು ನಾಲ್ಕಾ, ಎರಡು ಆರಾ, ಅದನ್ನು ಮಾತ್ರ ತಿಳಿಸಿ.